ಗೇ ಹಕ್ಕುಗಳ ಕಿರು ವಿಡಿಯೋ ಸ್ಪರ್ಧೆ: ತೀರ್ಪುಗಾರರಾಗಿ ಕೂರುವ ಮೊದಲು, ಕೂತಾಗ, ಎದ್ದ ಮೇಲೆ

ಮೊದಲು ಎರಡು ವಿಡಿಯೋಗಳ ಬಗ್ಗೆ ಹೇಳುತ್ತೇನೆ. ನಾನು ಮೊದಲ ಸಲ ಇಂಥ ಸ್ಪರ್ಧೆಗೆ ತೀರ್ಪುಗಾರನಾಗಿ ಕೂತಾಗ ನೋಡಿದವು.

ಒಂದರಲ್ಲಿ ಹುಡುಗನೊಬ್ಬ ಕಿಟಕಿ ಪಕ್ಕ ಕೂತಿದ್ದಾನೆ. ಹೊರಗೆ ಮಳೆ. ಹಿನ್ನೆಲೆಯಲ್ಲಿ ಪಿಟೀಲು. ಯಾರೋ ಬೈಯುವ ದನಿ ಕೇಳಿಸುತ್ತದೆ, ಹುಡುಗ ಅಳುತ್ತಾನೆ. ಕೊನೆಗೆ ಖಾಲಿ ಕುರ್ಚಿ. ಪರದೆ ಕಪ್ಪಾಗಿ ‘ಅವರೂ ಮನುಷ್ಯರೇ’ ಎಂಬ ಸಾಲು ಮೂಡುತ್ತದೆ.

ಇನ್ನೊಂದು ಬರೀ 90 ಸೆಕೆಂಡಿನದು. ಇಬ್ಬರು ಗಂಡಸರು ಒಗೆದು ಒಣಗಿಸಿದ ಬೆಡ್‌ಶೀಟ್ ಮಡಚುತ್ತಿದ್ದಾರೆ. ತುದಿಗೆ ತುದಿ ಸೇರಿಸುತ್ತಾ ಹತ್ತಿರ ಬರುತ್ತಾರೆ, ಮತ್ತೆ ದೂರ ಹೋಗುತ್ತಾರೆ. ಫೋನ್ ಬಡಿದುಕೊಳ್ಳುತ್ತದೆ, ವಿಡಿಯೋ ಕಾಲ್. ಒಬ್ಬ ಏನೂ ಹೇಳದೆ ಬೆಡ್‌ಶೀಟಿನ ತುದಿ ಕೆಳಗಿಟ್ಟು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಫೋನಿನ ಕಣ್ಣಿಗೆ ಬೀಳದಂತೆ ಗೋಡೆಗೆ ಒರಗಿ ನಿಲ್ಲುತ್ತಾನೆ. ಇನ್ನೊಬ್ಬ ಫೋನ್ ಎತ್ತಿ, ‘ಹೌದಮ್ಮಾ, ಒಬ್ಬನೇ ಇದ್ದೀನಿ’ ಅನ್ನುತ್ತಾನೆ. ಮಾತು ಮುಗಿಯುತ್ತದೆ. ಗೋಡೆಗೆ ಒರಗಿದ್ದವನು ಬಂದು ಮತ್ತೆ ತುದಿ ಹಿಡಿದುಕೊಳ್ಳುತ್ತಾನೆ. ಅಷ್ಟೇ.

ಅವತ್ತು ನಾನು ಜಾಸ್ತಿ ಅಂಕ ಕೊಟ್ಟಿದ್ದು ಮಳೆಯ ವಿಡಿಯೋಗೆ. ಕಣ್ಣಲ್ಲಿ ನೀರು ಬಂದಿತ್ತು. ಮಾರನೇ ದಿನ ಬೆಳಿಗ್ಗೆ ನೆನಪಿಗೆ ಬಂದಿದ್ದು ಮಾತ್ರ ಬೆಡ್‌ಶೀಟ್. ಆ ಎರಡು ಹೆಜ್ಜೆ. ಅವನು ಅದನ್ನು ಎಷ್ಟು ಅಭ್ಯಾಸದಿಂದ ಮಾಡಿದ, ಮುಖದಲ್ಲಿ ಬೇಜಾರು ಕೂಡ ಇರಲಿಲ್ಲ. ಮಳೆಯ ವಿಡಿಯೋ ನನ್ನಿಂದ ಮರುಕ ಕೇಳಿತ್ತು. ಬೆಡ್‌ಶೀಟಿನ ವಿಡಿಯೋ ಹಕ್ಕು ಅಂದರೆ ಏನು ಎಂದು ತೋರಿಸಿತ್ತು. ತನ್ನ ಮನೆಯಲ್ಲಿ ತಾನು ನಿಂತ ಜಾಗದಲ್ಲೇ ನಿಂತಿರುವುದು, ಅದು ಹಕ್ಕು. ಅಂಕಪಟ್ಟಿ ವಾಪಸ್ ತೆಗೆದುಕೊಂಡು ಎಲ್ಲವನ್ನೂ ಮತ್ತೆ ನೋಡಿದೆ. ಈ ಲೇಖನ ಆ ಎರಡನೇ ಸಲ ನೋಡಿದಾಗ ಕಲಿತದ್ದರಿಂದ, ಆಮೇಲಿನ ಕೆಲವು ಸ್ಪರ್ಧೆಗಳಲ್ಲಿ ಕಲಿತದ್ದರಿಂದ ಬಂದಿದೆ.

ಒಪ್ಪಿಕೊಳ್ಳುವ ಮೊದಲು ಕೇಳಿ

‘ಸುಮ್ನೆ ನೋಡಿ ಮಾರ್ಕ್ಸ್ ಹಾಕಿದರೆ ಆಯ್ತು’ ಎಂದು ಕರೆಯುತ್ತಾರೆ. ಹೂಂ ಅನ್ನುವ ಮೊದಲು ಸ್ಪರ್ಧೆಯ ನಿಯಮಗಳನ್ನು ತರಿಸಿಕೊಂಡು ಓದಿ. ವಿಡಿಯೋ ಯಾರ ಸ್ವತ್ತಾಗಿ ಉಳಿಯುತ್ತದೆ? ಎಲ್ಲೆಲ್ಲಿ ತೋರಿಸುತ್ತಾರೆ? ಬೇರೆ ಹೆಸರಿನಲ್ಲಿ ಕಳಿಸಬಹುದಾ? ಕಳಿಸಿದ ಮೇಲೆ ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳಬಹುದಾ? ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಇರಬೇಕು. ಬೇರೆ ವಿಷಯದ ಸ್ಪರ್ಧೆಯಲ್ಲಿ ಹೆಸರು ಹೊರಗೆ ಬಂದರೆ ಖುಷಿ. ಇಲ್ಲಿ ಹೆಸರು ಹೊರಗೆ ಬಂದರೆ ಮನೆ ಹೋಗಬಹುದು, ಕೆಲಸ ಹೋಗಬಹುದು. ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಕಾನೂನಿನ ಪ್ರಕಾರ ಅಪರಾಧ. ಉಗಾಂಡಾದಲ್ಲಿ 2023ರ ಕಾನೂನು ಕೆಲವು ಪ್ರಕರಣಗಳಿಗೆ ಮರಣದಂಡನೆಯನ್ನೂ ಇಟ್ಟಿದೆ. ರಷ್ಯಾದ ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರ್‌ನಲ್ಲಿ ‘ಅಂತರರಾಷ್ಟ್ರೀಯ ಎಲ್‌ಜಿಬಿಟಿ ಚಳವಳಿ’ಯನ್ನೇ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್ ಜನರ ಚಳವಳಿ) ಉಗ್ರವಾದ ಎಂದು ಘೋಷಿಸಿತು. ಸ್ಪರ್ಧೆಗೆ ಯಾವ ದೇಶದಿಂದ ಬೇಕಾದರೂ ವಿಡಿಯೋ ಬರಬಹುದು, ಅಲ್ವಾ?

18 ವರ್ಷದೊಳಗಿನವರಿಗೆ ಅವಕಾಶ ಇದೆಯಾ ಎಂದೂ ಕೇಳಿ. ಇದರಲ್ಲೊಂದು ಸಿಕ್ಕು ಇದೆ. ಚಿಕ್ಕವರಾದರೆ ಅಪ್ಪ ಅಮ್ಮನ ಸಹಿ ಬೇಕು ಎಂದು ನಿಯಮ ಮಾಡುತ್ತಾರೆ. ಆ ಸಹಿ ಕೇಳಲು ಹೋದಾಗಲೇ ಮಗುವಿನ ಗುಟ್ಟು ಮನೆಯಲ್ಲಿ ರಟ್ಟಾಗಿಬಿಡಬಹುದು. ಹಾಗಂತ ಸಹಿ ಇಲ್ಲದೆ ಮಗುವಿನ ಮುಖ ತೋರಿಸುವಂತೆಯೂ ಇಲ್ಲ. ನನಗೆ ಸರಿ ಅನ್ನಿಸಿದ ದಾರಿ ಎಂದರೆ, 18ರೊಳಗಿನವರ ವಿಭಾಗದಲ್ಲಿ ಚಿತ್ರ ಬಿಡಿಸಿದ ಅನಿಮೇಷನ್, ಗೊಂಬೆಯಾಟ, ಅಕ್ಷರ ಮತ್ತು ಧ್ವನಿ ಇವಷ್ಟೇ ಇರಲಿ, ಯಾರ ಮುಖವೂ ಬೇಡ. ವಿಷಯವನ್ನೂ ‘ನನ್ನ ಕಥೆ’ ಎಂದು ಇಡದೆ ‘ಎಲ್ಲರಿಗೂ ಜಾಗ ಇರುವ ಶಾಲೆ’ ಎಂದು ಇಟ್ಟರೆ, ಯಾವ ಮಗುವೂ ತನ್ನ ಬಗ್ಗೆ ಏನನ್ನೂ ಹೇಳಿಕೊಳ್ಳದೆ ಭಾಗವಹಿಸಬಹುದು.

ತೀರ್ಪುಗಾರರು ಯಾರ್ಯಾರು ಎಂಬುದೂ ಮುಖ್ಯ. ಗೇ ಅಥವಾ ಲೆಸ್ಬಿಯನ್ ಆಗಿರುವವರು ಒಬ್ಬರೇ ಇದ್ದರೆ ಸಾಲದು, ಇಬ್ಬರಾದರೂ ಇರಲಿ. ಒಬ್ಬರೇ ಇದ್ದಾಗ ಪ್ರತಿ ವಿಡಿಯೋಗೂ ಎಲ್ಲರೂ ಅವರ ಮುಖ ನೋಡುತ್ತಾರೆ. ‘ನಿಮಗೆ ಹೇಗನ್ನಿಸಿತು, ನೀವೇ ಹೇಳಿ’ ಅನ್ನುತ್ತಾರೆ. ಇಡೀ ಸಮುದಾಯದ ಪರವಾಗಿ ಉತ್ತರ ಹೇಳುವ ಭಾರ ಒಬ್ಬರ ತಲೆ ಮೇಲೆ ಬೀಳುತ್ತದೆ. ಜೊತೆಗೆ ಸಿನಿಮಾ ಕೆಲಸ ಗೊತ್ತಿರುವವರೊಬ್ಬರು, ಕಾನೂನು ಗೊತ್ತಿರುವವರೊಬ್ಬರು ಇದ್ದರೆ ಒಳ್ಳೆಯದು. ಭಾಗವಹಿಸಿದವರಲ್ಲಿ ನಿಮ್ಮ ಪರಿಚಯದವರು ಇದ್ದರೆ ಆ ವಿಡಿಯೋಗೆ ಅಂಕ ಹಾಕದೆ ಪಕ್ಕಕ್ಕೆ ಸರಿಯಿರಿ. ಈ ವಿಷಯದಲ್ಲಿ ಕೆಲಸ ಮಾಡುವವರ ಬಳಗ ಚಿಕ್ಕದು, ಪರಿಚಯ ಇದ್ದೇ ಇರುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಯಾರಿಗೂ ಮುಜುಗರ ಇಲ್ಲ.

ಲೈಕ್ ನೋಡಿ ಬಹುಮಾನ ಕೊಡುವ ಪದ್ಧತಿ ಇದ್ದರೆ ಬೇಡ ಎಂದು ಪಟ್ಟು ಹಿಡಿಯಿರಿ. ದ್ವೇಷ ಇರುವವರು ಗುಂಪು ಕಟ್ಟಿಕೊಂಡು ಬಂದು ಒಂದು ವಿಡಿಯೋವನ್ನು ತುಳಿಯುವುದು ಬಹಳ ಸುಲಭ. ಅಲ್ಲದೆ ಮುಖ ತೋರಿಸಲಾಗದವರು ‘ನನ್ನ ವಿಡಿಯೋಗೆ ಲೈಕ್ ಕೊಡಿ’ ಎಂದು ಯಾರನ್ನು ಕೇಳಬೇಕು?

ಒಂದಿಷ್ಟು ಓದಿಕೊಂಡು ಬನ್ನಿ

ತೀರ್ಪುಗಾರರಿಗೆ ಪಂಡಿತರಷ್ಟು ಗೊತ್ತಿರಬೇಕಿಲ್ಲ. ಆದರೆ ವಿಡಿಯೋದಲ್ಲಿ ತಪ್ಪು ಮಾಹಿತಿ ಬಂದರೆ ಕಿವಿ ನೆಟ್ಟಗಾಗುವಷ್ಟು ಗೊತ್ತಿರಬೇಕು. ಕಿರು ವಿಡಿಯೋದಲ್ಲಿ ಒಂದು ತಪ್ಪು ಸಾಲು ಬಂದರೆ ಅದನ್ನು ತಿದ್ದಲು ಮುಂದಿನ ಪುಟ ಇರುವುದಿಲ್ಲ. ಬಹುಮಾನ ಬಂದ ವಿಡಿಯೋ ಎಂದರೆ ಜನ ಅದರಲ್ಲಿರುವುದನ್ನೆಲ್ಲ ನಂಬುತ್ತಾರೆ.

ನಾನು ಮತ್ತೆ ಮತ್ತೆ ಕಂಡ ತಪ್ಪುಗಳನ್ನು ಹೇಳುತ್ತೇನೆ. ‘ಭಾರತದಲ್ಲಿ 2018ರಿಂದ ಸಲಿಂಗ ಮದುವೆ ಕಾನೂನುಬದ್ಧ’ ಎಂದು ಬರುತ್ತದೆ. ಹಾಗಲ್ಲ. 1860ರ ದಂಡ ಸಂಹಿತೆಯ 377ನೇ ಸೆಕ್ಷನ್ ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಅಂದರೆ ಅಪರಾಧದ ಪಟ್ಟಿಯಿಂದ ಹೊರಗೆ ಬಂತು, ಅಷ್ಟೇ. ಮದುವೆಯ ಪ್ರಶ್ನೆ ಬಂದಾಗ ಅದೇ ಕೋರ್ಟ್ 2023ರ ಅಕ್ಟೋಬರ್ 17ರಂದು ಮಾನ್ಯತೆ ಕೊಡಲು ಒಪ್ಪಲಿಲ್ಲ. ಜೈಲಿಗೆ ಹಾಕದಿರುವುದು ಒಂದು ಮಾತು, ಮದುವೆ ನೋಂದಣಿಯ ಪುಸ್ತಕದಲ್ಲಿ ಹೆಸರು ಬರೆಯುವುದು ಇನ್ನೊಂದು ಮಾತು. ಈ ವ್ಯತ್ಯಾಸ ಎಲ್ಲ ದೇಶಗಳ ವಿಡಿಯೋಗಳನ್ನು ನೋಡುವಾಗಲೂ ತಲೆಯಲ್ಲಿರಲಿ. ಸಿಂಗಪುರದ ಸಂಸತ್ತು 2022ರಲ್ಲಿ ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ಎ ಸೆಕ್ಷನ್ ತೆಗೆದುಹಾಕಿತು, ಮದುವೆಯ ಹಕ್ಕನ್ನು ಕೊಡಲಿಲ್ಲ. ಮದುವೆಗೆ ಮೊದಲು ಬಾಗಿಲು ತೆರೆದ ದೇಶ ನೆದರ್‌ಲ್ಯಾಂಡ್ಸ್, 2001ರ ಏಪ್ರಿಲ್ 1ರಂದು. ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ ಆ ಸಾಲಿಗೆ ಸೇರಿದವು.

‘ಎಲ್ಲ ಶುರುವಾಗಿದ್ದು ಸ್ಟೋನ್‌ವಾಲ್‌ನಿಂದ’ ಎಂಬುದು ಇನ್ನೊಂದು. 1969ರ ಜೂನ್‌ನಲ್ಲಿ ನ್ಯೂಯಾರ್ಕಿನ ಆ ಬಾರ್‌ಗೆ ಪೊಲೀಸರು ನುಗ್ಗಿದಾಗ ಜನ ತಿರುಗಿ ಬಿದ್ದದ್ದು ದೊಡ್ಡ ತಿರುವು ನಿಜ. ಆದರೆ ಬರ್ಲಿನ್‌ನಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯರು ಜೊತೆಗಾರರೊಂದಿಗೆ ಸಂಘ ಕಟ್ಟಿ, ಕಾನೂನು ಬದಲಿಸಿ ಎಂದು ಕೇಳಲು ಶುರು ಮಾಡಿದ್ದು 1897ರಲ್ಲಿ. ಹಾಗೆಯೇ ಈ ಚಳವಳಿಯ ಗುರುತಾದ ಕಾಮನಬಿಲ್ಲಿನ ಬಾವುಟ. ಗಿಲ್ಬರ್ಟ್ ಬೇಕರ್ 1978ರಲ್ಲಿ ಮಾಡಿದ್ದಕ್ಕೆ ಎಂಟು ಪಟ್ಟಿ ಇತ್ತು, ಈಗ ಸಾಮಾನ್ಯವಾಗಿ ಕಾಣುವುದಕ್ಕೆ ಆರು. ಇಂಥದ್ದಕ್ಕೆ ಒಂದೆರಡು ಅಂಕ ಕಳೆದರೆ ಸಾಕು.

ಕಳೆಯಲೇಬೇಕಾದ ತಪ್ಪು ಯಾವುದು ಅಂದರೆ, ಇದನ್ನು ಕಾಯಿಲೆ ಎಂಬಂತೆ ತೋರಿಸುವುದು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ಆ ದಿನವನ್ನೇ ಈಗ ಸಲಿಂಗಿಗಳ ಮೇಲಿನ ದ್ವೇಷದ ವಿರುದ್ಧದ ದಿನವಾಗಿ ಆಚರಿಸುತ್ತಾರೆ. ಒಂದು ವಿಡಿಯೋದಲ್ಲಿ ಒಳ್ಳೆಯ ಅಕ್ಕ ಒಬ್ಬಳು ತಮ್ಮನಿಗೆ, ‘ಹೆದರಬೇಡ, ಒಳ್ಳೆ ಡಾಕ್ಟರ್ ಹತ್ರ ಹೋಗೋಣ, ಸರಿ ಹೋಗುತ್ತೆ’ ಅನ್ನುತ್ತಾಳೆ. ಮಾಡಿದವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು. ಆದರೂ ಆ ಒಂದು ಸಾಲಿನಿಂದ ಇಡೀ ವಿಡಿಯೋ ಹಕ್ಕಿನ ವಿರುದ್ಧ ತಿರುಗಿ ನಿಲ್ಲುತ್ತದೆ. ಚೆನ್ನಾಗಿ ಚಿತ್ರಿಸಿದ್ದರೂ ಬಹುಮಾನಕ್ಕೆ ತರಲು ಆಗುವುದಿಲ್ಲ.

ಅಂಕಕ್ಕೂ ಮೊದಲು ಒಂದು ಬಾಗಿಲು

ಕೆಲವು ಪ್ರಶ್ನೆಗಳಿಗೆ ಅಂಕ ಇರಬಾರದು, ಹೌದು ಅಥವಾ ಇಲ್ಲ ಅಷ್ಟೇ ಇರಬೇಕು. ವಿಡಿಯೋದಲ್ಲಿ ಕಾಣುವ, ಕೇಳುವ ಪ್ರತಿಯೊಬ್ಬರೂ ಒಪ್ಪಿದ್ದಾರಾ? ಎಲ್ಲಿ ತೋರಿಸುತ್ತಾರೆ ಎಂದು ಗೊತ್ತಿದ್ದು ಒಪ್ಪಿದ್ದಾರಾ? ಇಲ್ಲ ಎಂದಾದರೆ ಆ ವಿಡಿಯೋ ಒಳಗೆ ಬರುವಂತಿಲ್ಲ. ಎಷ್ಟೇ ಚೆನ್ನಾಗಿರಲಿ.

ಒಮ್ಮೆ ಒಂದು ಸಂದರ್ಶನದ ವಿಡಿಯೋ ಬಂದಿತ್ತು. ಮಾತಾಡುತ್ತಿದ್ದವರ ಮುಖ ಪೂರ್ತಿ ಮಬ್ಬು ಮಾಡಿದ್ದರು. ಹೆಸರೂ ಬದಲಿಸಿದ್ದರು. ಎಲ್ಲರೂ ಮೆಚ್ಚಿಕೊಂಡೆವು. ಮೂರನೇ ಸಲ ನೋಡುವಾಗ ನನ್ನ ಪಕ್ಕದಲ್ಲಿದ್ದವರು ‘ಸ್ವಲ್ಪ ನಿಲ್ಸಿ’ ಎಂದರು. ಹಿಂದಿನ ಗೋಡೆಯಲ್ಲಿ ಅಂಗೈಯಗಲದ ಒಂದು ಕನ್ನಡಿ. ಅವರು ನೀರಿನ ಲೋಟ ತೆಗೆದುಕೊಳ್ಳಲು ಬಗ್ಗಿದಾಗ, ಆ ಕನ್ನಡಿಯಲ್ಲಿ ಒಂದು ಕ್ಷಣ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನಿಲ್ಲಿಸಿ ನೋಡುವವರಿಗೆ ಆ ಒಂದು ಕ್ಷಣ ಸಾಕು. ವಿಡಿಯೋ ಮಾಡಿದವರಿಗೆ ತಕ್ಷಣ ತಿಳಿಸಿದೆವು, ಅವರು ಆ ಭಾಗ ಕತ್ತರಿಸಿ ಮತ್ತೆ ಕಳಿಸಿದರು. ಇಂಥ ತಿದ್ದುಪಡಿಗೆ ನಿಯಮದಲ್ಲೇ ಜಾಗ ಇರಬೇಕು. ಕೊನೆಯ ದಿನಾಂಕ ಮುಗಿದಿದೆ ಎಂದು ಬಾಗಿಲು ಹಾಕಿಕೊಳ್ಳುವ ವಿಷಯ ಅಲ್ಲ ಇದು.

ಅವತ್ತಿನಿಂದ ಮುಖ ಮರೆಮಾಡಿದ ಪ್ರತಿ ವಿಡಿಯೋವನ್ನು ಒಂದು ಸಲ ನಿಧಾನವಾಗಿ, ಬರೀ ಇದಕ್ಕೋಸ್ಕರ ನೋಡುತ್ತೇನೆ. ಕನ್ನಡಿ, ಕಿಟಕಿಯ ಗಾಜು, ಕನ್ನಡಕ, ಸ್ಟೀಲ್ ಪಾತ್ರೆ. ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿ, ಗಾಡಿಯ ನಂಬರ್ ಪ್ಲೇಟ್, ಕೈ ಮೇಲಿನ ಹಚ್ಚೆ, ಫೋನ್ ಪರದೆಯಲ್ಲಿ ಮೇಲಿಂದ ಇಳಿದು ಬರುವ ಮೆಸೇಜು. ಇದೆಲ್ಲಕ್ಕಿಂತ ಜಾಸ್ತಿ ಮರೆತುಹೋಗುವುದು ಧ್ವನಿ. ಮುಖ ಮುಚ್ಚಿದರೂ ಧ್ವನಿ ಹಾಗೇ ಇದ್ದರೆ ಮನೆಯವರಿಗೆ ಒಂದೇ ಮಾತಿಗೆ ಗುರುತು ಸಿಗುತ್ತದೆ. ಬೇರೆಯವರಿಂದ ಓದಿಸುವುದು ಎಲ್ಲಕ್ಕಿಂತ ಭದ್ರ. ಈಗ ಕೃತಕ ಬುದ್ಧಿಮತ್ತೆಯಿಂದ ಬೇರೆ ಮುಖ, ಬೇರೆ ಧ್ವನಿ ಹಾಕುವವರೂ ಇದ್ದಾರೆ. ಗುರುತು ಕಾಯಲು ಅದು ಒಳ್ಳೆಯ ಉಪಾಯವೇ. ಆದರೆ ಇದು ನಿಜವಾದ ಮುಖ ಅಲ್ಲ ಎಂದು ವಿಡಿಯೋದಲ್ಲೇ ಬರೆದಿರಬೇಕು, ಮತ್ತು ಆ ಮುಖ ಯಾವ ನಿಜವಾದ ವ್ಯಕ್ತಿಯದ್ದೂ ಆಗಿರಬಾರದು.

ಮೆರವಣಿಗೆಯ ದೃಶ್ಯ ಹಾಕಿರುವ ವಿಡಿಯೋಗಳ ಬಗ್ಗೆಯೂ ಇದೇ ಮಾತು. ಬೀದಿಗೆ ಬಂದವರೆಲ್ಲ ಕ್ಯಾಮೆರಾಕ್ಕೆ ಒಪ್ಪಿದವರಲ್ಲ. ಮುಖವಾಡ ಹಾಕಿಕೊಂಡು ನಡೆಯುವವರು ಯಾಕೆ ಹಾಕಿಕೊಂಡಿರುತ್ತಾರೆ? ಅವರು ನೀರು ಕುಡಿಯಲು ಮುಖವಾಡ ಎತ್ತಿದ ಗಳಿಗೆಯನ್ನು ಹಿಡಿದು ಹಾಕಿದ ವಿಡಿಯೋ ಒಂದನ್ನು ನಾವು ಪೂರ್ತಿಯಾಗಿ ಹೊರಗಿಟ್ಟೆವು. ಚಿತ್ರಣ ಬಹಳ ಸುಂದರವಾಗಿತ್ತು.

ಇನ್ನೊಂದು ಹೌದು-ಇಲ್ಲ ಪ್ರಶ್ನೆ ಆತ್ಮಹತ್ಯೆಯದು. ಅದು ಕಥೆಯಲ್ಲಿ ಬರಲೇಬಾರದು ಎಂದಲ್ಲ. ಸಾಯುವ ವಿಧಾನ ತೋರಿಸಬೇಡಿ, ಕಷ್ಟಕ್ಕೆ ಅದೇ ಪರಿಹಾರ ಎಂಬಂತೆ ತೋರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾಧ್ಯಮ ಮಾರ್ಗಸೂಚಿಯೇ ಹೇಳುತ್ತದೆ. ಈ ವಿಡಿಯೋ ನೋಡುವ ಹುಡುಗನೋ ಹುಡುಗಿಯೋ ಅದೇ ರಾತ್ರಿ ಒಬ್ಬರೇ ಇರಬಹುದು. ಅವರನ್ನು ನೆನಪಿಟ್ಟುಕೊಂಡು ತೀರ್ಮಾನ ಮಾಡಿ. ಸಾವು ಕೊನೆಯಲ್ಲಿ ಬಂದು ಪಿಟೀಲು ನುಡಿದರೆ ನನ್ನ ಉತ್ತರ ಈಗ ‘ಇಲ್ಲ’.

ಮೂರು ಸಲ ನೋಡುವುದು

60 ವಿಡಿಯೋ, ತಲಾ 3 ನಿಮಿಷ ಎಂದುಕೊಳ್ಳಿ. ಒಂದು ಸಲ ನೋಡಲು 180 ನಿಮಿಷ, ಮೂರು ಗಂಟೆ. ಒಂದೇ ಪಟ್ಟಿಗೆ ಕೂತು ಮುಗಿಸಿದರೆ 40ನೇ ವಿಡಿಯೋ ಮಾಡಿದವರಿಗೆ ಅನ್ಯಾಯ. ಒಂದು ಸಲಕ್ಕೆ 15ಕ್ಕಿಂತ ಜಾಸ್ತಿ ಬೇಡ. ಪ್ರತಿಯೊಬ್ಬ ತೀರ್ಪುಗಾರರೂ ಬೇರೆ ಬೇರೆ ಕ್ರಮದಲ್ಲಿ ನೋಡಲಿ. ಎಲ್ಲರೂ ಒಂದೇ ಕ್ರಮದಲ್ಲಿ ನೋಡಿದರೆ ಮೊದಲ ಕೆಲವು ವಿಡಿಯೋಗಳಿಗೆ ಎಲ್ಲರೂ ಬಿಗಿಯಾಗಿ ಅಂಕ ಹಾಕಿರುತ್ತಾರೆ, ಕೊನೆಯವಕ್ಕೆ ಎಲ್ಲರೂ ದಣಿದಿರುತ್ತಾರೆ.

ಮೊದಲ ಸಲ ಪೆನ್ನು ಕೆಳಗಿಡಿ. ಸುಮ್ನೆ ಪ್ರೇಕ್ಷಕರಾಗಿ ನೋಡಿ. ಮುಗಿದ ಮೇಲೆ ಒಂದೇ ಸಾಲು ಬರೆಯಿರಿ: ಇದು ಯಾವ ಹಕ್ಕಿನ ಬಗ್ಗೆ? ಬಾಡಿಗೆ ಮನೆ ಸಿಗುವುದಾ, ಕೆಲಸದಲ್ಲಿ ಉಳಿಯುವುದಾ, ಆಸ್ಪತ್ರೆಯಲ್ಲಿ ಸಂಗಾತಿಯ ಹಾಸಿಗೆ ಪಕ್ಕ ಕೂರುವುದಾ, ಶಾಲೆಯಲ್ಲಿ ಪೆಟ್ಟು ತಿನ್ನದೆ ಓದುವುದಾ, ಖಾಸಗಿತನವಾ, ಮಾತಾಡುವ ಹಕ್ಕಾ? ಆ ಸಾಲು ಬರೆಯಲು ಆಗದಿದ್ದರೆ ಅದೇ ಒಂದು ತೀರ್ಪು. ‘ಎಲ್ಲರನ್ನೂ ಪ್ರೀತಿಸಿ’ ಎಂದು ಹೇಳುವ ವಿಡಿಯೋ ಚೆನ್ನಾಗಿರಬಹುದು, ಆದರೆ ಅದು ಹಕ್ಕಿನ ಬಗ್ಗೆ ಇನ್ನೂ ಮಾತು ಶುರು ಮಾಡಿಲ್ಲ.

ಎರಡನೇ ಸಲ ಧ್ವನಿ ಆಫ್ ಮಾಡಿ ನೋಡಿ. ಸಂಗೀತ ಹೋದ ಮೇಲೆ ಏನು ಉಳಿಯುತ್ತದೆ? ಮಳೆಯ ವಿಡಿಯೋದಲ್ಲಿ ಒಬ್ಬ ಹುಡುಗ ಕಿಟಕಿ ಪಕ್ಕ ಕೂತಿದ್ದ, ಅಷ್ಟೇ ಉಳಿಯಿತು. ಬೆಡ್‌ಶೀಟಿನ ವಿಡಿಯೋದಲ್ಲಿ ಎಲ್ಲ ಉಳಿಯಿತು. ಕಿವಿ ಕೇಳದವರಿಗೆ ಅಡಿಬರಹ ಇದೆಯಾ, ಓದುವಷ್ಟು ಹೊತ್ತು ನಿಲ್ಲುತ್ತದಾ ಎಂಬುದೂ ಇದೇ ಸಲ ಗೊತ್ತಾಗುತ್ತದೆ. ಬೆಳಕು ಪಟಪಟ ಮಿನುಗುವ ದೃಶ್ಯ ಇದ್ದರೆ ಗುರುತು ಹಾಕಿಕೊಳ್ಳಿ. ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಮಿನುಗಿದರೆ ಫಿಟ್ಸ್ ಬರುವವರಿಗೆ ಅಪಾಯ.

ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಮಾತುಗಳು ಆಗ ಕಿವಿಗೆ ಬೇರೆ ಥರ ಬೀಳುತ್ತವೆ. ‘ಪಾಪ’, ‘ಇಂಥವರು’, ‘ಅವರ ತಪ್ಪಲ್ಲ’, ‘ನಾವು ಅವರನ್ನು ಸಹಿಸಿಕೊಳ್ಳಬೇಕು’ ಇಂಥವು ಎಷ್ಟು ಸಲ ಬಂದವು? ತಲೆನೋವನ್ನು ಸಹಿಸಿಕೊಳ್ಳುತ್ತೇವೆ. ಪಕ್ಕದಲ್ಲಿ ಕೂತ ಮನುಷ್ಯನನ್ನು ಸಹಿಸಿಕೊಳ್ಳುತ್ತೇವೆ ಎಂದು ಅವನ ಮುಂದೆಯೇ ಹೇಳಿದರೆ ಅವನಿಗೆ ಹೇಗಾಗಬೇಡ?

ಪದಗಳ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕನ್ನಡದಲ್ಲಿ ‘ಸಲಿಂಗಕಾಮಿ’ ಎಂಬ ಪದವೇ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿರುವ ‘ಕಾಮ’ ಇಡೀ ಬದುಕನ್ನು ಹಾಸಿಗೆಗೆ ತಂದು ನಿಲ್ಲಿಸುತ್ತದೆ ಎಂದು ಬಹಳ ಜನರಿಗೆ ನೋವಿದೆ. ಗಂಡು ಹೆಣ್ಣಿನ ಜೋಡಿಯನ್ನು ನಾವು ಹಾಗೆ ಕರೆಯುವುದಿಲ್ಲ, ಗಂಡ ಹೆಂಡತಿ ಅನ್ನುತ್ತೇವೆ, ಪ್ರೇಮಿಗಳು ಅನ್ನುತ್ತೇವೆ. ಅದಕ್ಕೇ ಕೆಲವರು ‘ಸಲಿಂಗ ಪ್ರೇಮಿ’ ಅನ್ನುತ್ತಾರೆ, ಕೆಲವರಿಗೆ ‘ಸಲಿಂಗಿ’ ಸಾಕು, ಇನ್ನು ಕೆಲವರು ‘ಗೇ’, ‘ಲೆಸ್ಬಿಯನ್’ ಎಂದೇ ಹೇಳಿಕೊಳ್ಳುತ್ತಾರೆ. ‘ಸಲಿಂಗಕಾಮಿ’ ಎಂದಿದ್ದಕ್ಕೆ ಅಂಕ ಕಳೆಯಬೇಡಿ, ಕಾನೂನಿನ ಸುದ್ದಿಗಳಲ್ಲೂ ಅದೇ ಬರುತ್ತದೆ, ಕೆಲವರು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ. ಆದರೆ ಯೋಚಿಸಿ ಪದ ಆರಿಸಿದವರಿಗೆ ಅದರ ಬೆಲೆ ಸಿಗಲಿ. ‘ಚಟ’, ‘ಶೋಕಿ’, ‘ವಯಸ್ಸಿನ ಹುಚ್ಚು’ ಇವು ನಿರೂಪಕರ ಬಾಯಲ್ಲಿ ಬಂದರೆ ಬೇರೆ ಮಾತು. ಪಾತ್ರದ ಬಾಯಲ್ಲಿ ಬಂದು, ಆ ಮಾತು ತಪ್ಪು ಎಂದು ಕಥೆಯೇ ತೋರಿಸಿದರೆ ತೊಂದರೆ ಇಲ್ಲ.

ಗೇ ಮತ್ತು ಟ್ರಾನ್ಸ್‌ಜೆಂಡರ್ ಎರಡನ್ನೂ ಕಲಸಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಯಾರನ್ನು ಪ್ರೀತಿಸುತ್ತೇನೆ ಎಂಬುದು ಒಂದು, ನಾನು ಗಂಡೋ ಹೆಣ್ಣೋ ಬೇರೆಯೋ ಎಂಬುದು ಇನ್ನೊಂದು. ಗೇ ಹುಡುಗನ ಕಥೆ ಹೇಳುತ್ತಾ ಅವನಿಗೆ ಸೀರೆ ಉಡಿಸಿ ಕನ್ನಡಿ ಮುಂದೆ ನಿಲ್ಲಿಸಿದ ವಿಡಿಯೋಗಳು ಪ್ರತಿ ಸಲ ಬರುತ್ತವೆ. ಮಾಡಿದವರಿಗೆ ವ್ಯತ್ಯಾಸ ಗೊತ್ತಿಲ್ಲ ಎಂದೇ ಅದರ ಅರ್ಥ.

ಅಂಕ ಹಾಕುವುದು

ನಾನು ಬಳಸುವ 100 ಅಂಕದ ಹಂಚಿಕೆ ಇದು. ಹಕ್ಕಿನ ವಿಷಯ ಎಷ್ಟು ಸ್ಪಷ್ಟ, ಎಷ್ಟು ನಿಜ ಎಂಬುದಕ್ಕೆ 35. ಮನುಷ್ಯರನ್ನು ಹೇಗೆ ತೋರಿಸಿದ್ದಾರೆ ಎಂಬುದಕ್ಕೆ 25. ಕಥೆ ಹೇಳಿದ ರೀತಿಗೆ 25. ಕ್ಯಾಮೆರಾ, ಧ್ವನಿ, ಸಂಕಲನಕ್ಕೆ 10. ಅಡಿಬರಹದಂಥ ಅನುಕೂಲಗಳಿಗೆ 5. ತಾಂತ್ರಿಕತೆಗೆ ಇಷ್ಟು ಕಮ್ಮಿ ಯಾಕೆ ಎಂದು ಸಿನಿಮಾದವರು ಕೇಳುತ್ತಾರೆ. ಬಾಗಿಲು ಹಾಕಿಕೊಂಡು, ಮನೆಯವರು ಮಲಗಿದ ಮೇಲೆ, ಹಳೆಯ ಫೋನಿನಲ್ಲಿ ಪಿಸುಮಾತಿನಲ್ಲಿ ಮಾಡಿದ ವಿಡಿಯೋ ಬರುವ ಸ್ಪರ್ಧೆ ಇದು. ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತಂದು ತಂಡ ಕಟ್ಟಿ ಚಿತ್ರೀಕರಿಸಲು ಆಗುವವರು ಸಾಮಾನ್ಯವಾಗಿ ಆಗಲೇ ಸ್ವಲ್ಪ ಸುರಕ್ಷಿತವಾಗಿರುವವರು. ಮಾತು ಕೇಳಿಸಬೇಕು, ಚಿತ್ರ ಕಾಣಿಸಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಸಂತೋಷ.

‘ಮನುಷ್ಯರನ್ನು ಹೇಗೆ ತೋರಿಸಿದ್ದಾರೆ’ ಎಂಬ 25 ಅಂಕದಲ್ಲಿ ನಾನು ಹುಡುಕುವುದು ಒಂದೇ. ಗೇ ಆಗಿರುವ ಪಾತ್ರ ತಾನಾಗಿ ಏನಾದರೂ ಮಾಡುತ್ತದಾ? ಇಲ್ಲಾ ಬೇರೆಯವರು ಮನಸ್ಸು ಬದಲಿಸುವವರೆಗೆ ಕಾಯುತ್ತಾ ಕೂತಿರುತ್ತದಾ? ಅಪ್ಪ ಕೊನೆಗೆ ಬಂದು ತಬ್ಬಿಕೊಳ್ಳುವ ವಿಡಿಯೋಗಳು ಬಹಳ. ನೋಡಲು ಹಿತ. ಆದರೆ ಹೆಚ್ಚಿನವುಗಳಲ್ಲಿ ಬದಲಾಗುವುದು, ದೊಡ್ಡವನಾಗುವುದು, ಚಪ್ಪಾಳೆ ತೆಗೆದುಕೊಳ್ಳುವುದು ಎಲ್ಲ ಅಪ್ಪನೇ. ಮಗ ಅಲ್ಲಿ ಬರೀ ನೆಪ. ತಬ್ಬಿಕೊಳ್ಳುವ ದೃಶ್ಯ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಪ್ಪ ತಬ್ಬಿಕೊಳ್ಳದಿದ್ದರೂ ಆ ಹುಡುಗನಿಗೆ ಬದುಕುವ ಹಕ್ಕು ಇದೆ ಎಂದು ಈ ವಿಡಿಯೋ ನಂಬುತ್ತದಾ?

ನಗಿಸುವ ವಿಡಿಯೋಗೆ ತೀರ್ಪುಗಾರರು ಅರಿವಿಲ್ಲದೆ ಅಂಕ ಕಮ್ಮಿ ಹಾಕುತ್ತಾರೆ. ಗಂಭೀರ ವಿಷಯ, ಗಂಭೀರ ಮುಖ ಇರಬೇಕು ಅನ್ನಿಸುತ್ತದೆ. ಇಬ್ಬರು ಹುಡುಗಿಯರು ಒಟ್ಟಿಗೆ ಮೇಜು ಜೋಡಿಸಲು ಹೋಗಿ, ಸ್ಕ್ರೂ ಕಳೆದುಕೊಂಡು, ಜಗಳ ಆಡಿ, ಕೊನೆಗೆ ನೆಲದ ಮೇಲೆ ಕೂತು ಊಟ ಮಾಡುವ ಒಂದು ವಿಡಿಯೋ ನೋಡಿದ್ದೆ. ಎರಡು ನಿಮಿಷದಲ್ಲಿ ಎಲ್ಲೂ ‘ಹಕ್ಕು’ ಎಂಬ ಪದ ಇಲ್ಲ. ಕೊನೆಯಲ್ಲಿ ಮನೆ ಮಾಲೀಕರು ಬಾಗಿಲು ತಟ್ಟಿ, ‘ನಿನ್ನ ತಂಗಿ ಇನ್ನೂ ಇಲ್ಲೇ ಇದ್ದಾಳಾ?’ ಎಂದು ಕೇಳುತ್ತಾರೆ. ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಗು ನಿಲ್ಲುತ್ತದೆ. ಬಾಡಿಗೆ ಮನೆಯ ಹಕ್ಕಿನ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

‘ಇದನ್ನು ಮಾಡಿದವರು ನಿಜವಾಗಿ ಗೇನಾ?’ ಎಂದು ಯಾರಾದರೂ ತೀರ್ಪುಗಾರರು ಕೇಳುತ್ತಾರೆ. ಆ ಪ್ರಶ್ನೆಗೆ ಸಭೆಯಲ್ಲಿ ಜಾಗ ಕೊಡಬೇಡಿ. ಉತ್ತರ ಹುಡುಕಲು ಹೋದರೆ ಒಬ್ಬರ ಗುಟ್ಟನ್ನು ಕೆದಕಿದಂತೆ. ಪರದೆ ಮೇಲೆ ಏನಿದೆಯೋ ಅದಕ್ಕೆ ಮಾತ್ರ ಅಂಕ. ‘ನಿಜ ಘಟನೆ’ ಎಂದು ಬರೆದಿದ್ದಕ್ಕೂ ಹೆಚ್ಚುವರಿ ಅಂಕ ಬೇಡ.

ನಿಜವಾದ ಅಂಕ ಹಾಕುವ ಮೊದಲು ಎಲ್ಲ ತೀರ್ಪುಗಾರರೂ ಸ್ಪರ್ಧೆಗೆ ಸೇರದ ಮೂರು ವಿಡಿಯೋ ನೋಡಿ, ಬೇರೆ ಬೇರೆ ಕೂತು ಅಂಕ ಹಾಕಿ, ಹೋಲಿಸಿಕೊಳ್ಳಿ. ಒಬ್ಬರು 80, ಇನ್ನೊಬ್ಬರು 45 ಕೊಟ್ಟಿದ್ದರೆ ಯಾಕೆ ಎಂದು ಮಾತಾಡಿ. ಒಂದು ಗಂಟೆಯ ಕೆಲಸ, ಮುಂದಿನ ನಾಲ್ಕು ಗಂಟೆಯ ವಾದ ಉಳಿಯುತ್ತದೆ.

ಆದರೂ ಒಬ್ಬರ ಕೈ ಧಾರಾಳ, ಒಬ್ಬರ ಕೈ ಬಿಗಿ. ಬರೀ ಸರಾಸರಿ ತೆಗೆದರೆ ಏನಾಗುತ್ತದೆ ನೋಡಿ. ಮೂವರು ತೀರ್ಪುಗಾರರು. ಮೊದಲ ವಿಡಿಯೋಗೆ 85, 84, 50. ಎರಡನೆಯದಕ್ಕೆ 80, 78, 88. ಸರಾಸರಿ ಮೊದಲನೆಯದಕ್ಕೆ 73, ಎರಡನೆಯದಕ್ಕೆ 82. ಎರಡನೆಯದು ಗೆದ್ದಿತು. ಆದರೆ ಮೂವರಲ್ಲಿ ಇಬ್ಬರಿಗೆ ಮೊದಲನೆಯದೇ ಇಷ್ಟ ಆಗಿತ್ತು. ಅಂಕವನ್ನು ಅಷ್ಟು ಹಿಗ್ಗಿಸಿ ಹಾಕಿದ ಒಬ್ಬರೇ ಫಲಿತಾಂಶ ತೀರ್ಮಾನಿಸಿದರು. ಅದಕ್ಕೆ ಅಂಕಗಳಿಂದ ಮೊದಲ ಹತ್ತನ್ನು ಆರಿಸಿಕೊಂಡು, ಆ ಹತ್ತನ್ನು ಪ್ರತಿಯೊಬ್ಬರೂ 1ರಿಂದ 10ರವರೆಗೆ ಕ್ರಮದಲ್ಲಿ ಇಡಲಿ. ಆ ಸ್ಥಾನಗಳನ್ನು ಕೂಡಿ. ಕಮ್ಮಿ ಬಂದವರು ಮುಂದೆ.

ಕೊನೆಯ ಸಭೆಯಲ್ಲಿ ಎಲ್ಲರಿಗಿಂತ ಹೆಸರಿರುವವರು ಕೊನೆಗೆ ಮಾತಾಡಲಿ. ಅವರು ಮೊದಲು ಮಾತಾಡಿದರೆ ಉಳಿದವರು ಹೂಂಗುಟ್ಟುತ್ತಾರೆ. ಯಾರಾದರೂ ಒಂದು ವಿಡಿಯೋ ಬಗ್ಗೆ ‘ಇದು ನಮ್ಮ ಜನಕ್ಕೆ ಜಾಸ್ತಿ ಆಯ್ತು’ ಅಂದರೆ, ಯಾವ ದೃಶ್ಯ, ಯಾಕೆ ಎಂದು ಕೇಳಿ. ಅದೇ ದೃಶ್ಯದಲ್ಲಿ ಗಂಡು ಹೆಣ್ಣು ಇದ್ದಿದ್ದರೆ ಜಾಸ್ತಿ ಅನ್ನಿಸುತ್ತಿತ್ತಾ ಎಂದೂ ಕೇಳಿ. ಇಬ್ಬರು ಹುಡುಗರು ಕೈ ಹಿಡಿದದ್ದಕ್ಕೆ ಅಂಕ ಹೋಗುತ್ತಿದ್ದದ್ದು ಈ ಒಂದು ಪ್ರಶ್ನೆಯಿಂದ ನಮ್ಮ ಸಭೆಯಲ್ಲಿ ಎರಡು ಸಲ ನಿಂತಿದೆ.

ಫಲಿತಾಂಶದ ದಿನ

ಗೆದ್ದವರಿಗೆ ಮೊದಲು ಖಾಸಗಿಯಾಗಿ ತಿಳಿಸಿ. ಯಾವ ಹೆಸರು ಹೇಳಬೇಕು, ಫೋಟೋ ಹಾಕಬಹುದಾ, ವೇದಿಕೆಗೆ ಬರುತ್ತಾರಾ, ಹಣ ಯಾವ ಖಾತೆಗೆ ಹೋಗಬೇಕು ಎಂದು ಕೇಳಿ. ಖಾತೆಯ ಚೀಟಿಯಲ್ಲಿ ಸ್ಪರ್ಧೆಯ ಪೂರ್ತಿ ಹೆಸರು ಬಂದರೆ ಮನೆಯಲ್ಲಿ ಯಾರು ಓದುತ್ತಾರೋ ಗೊತ್ತಿಲ್ಲ, ಅದನ್ನೂ ಕೇಳಿ. ಅರ್ಜಿ ಹಾಕುವಾಗ ಒಪ್ಪಿದ್ದರು ಎಂಬುದು ಸಾಲದು. ಈ ಮಧ್ಯೆ ಮನೆಯ ಪರಿಸ್ಥಿತಿ ಬದಲಾಗಿರಬಹುದು. ಬೇಡ ಎಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ, ಬಹುಮಾನ ಹಾಗೇ ಇರಲಿ.

ಗೆಲ್ಲದವರಿಗೆ ಎರಡು ಸಾಲು ಬರೆಯಿರಿ. ‘ಭಾಗವಹಿಸಿದ್ದಕ್ಕೆ ಧನ್ಯವಾದ’ ಎಂಬ ಒಂದೇ ಅಚ್ಚಿನ ಪತ್ರ ಬೇಡ. ಇಷ್ಟವಾದ ಒಂದು ದೃಶ್ಯವನ್ನು ಹೆಸರಿಸಿ, ತಿದ್ದಿಕೊಳ್ಳಬಹುದಾದ ಒಂದನ್ನು ಹೇಳಿ. ತಮ್ಮ ಬದುಕಿನ ಈ ಮಾತನ್ನು ಯಾರಿಗೂ ಹೇಳದವರು ಮೊದಲು ಹೇಳಿದ್ದು ನಿಮಗೇ ಆಗಿರಬಹುದು. 60 ವಿಡಿಯೋಗೆ 120 ಸಾಲು, ಮೂವರು ಹಂಚಿಕೊಂಡರೆ ತಲಾ 40. ಡಾಕ್ಟರ್ ಹತ್ರ ಹೋಗೋಣ ಎಂದ ಅಕ್ಕನ ವಿಡಿಯೋ ಮಾಡಿದವರಿಗೆ ನಾನು ಬರೆದಿದ್ದು ಇಷ್ಟು: ‘ಅಕ್ಕ ತಮ್ಮನ ಚಪ್ಪಲಿಯನ್ನು ತನ್ನ ಚಪ್ಪಲಿ ಪಕ್ಕ ಜೋಡಿಸಿಡುವ ದೃಶ್ಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಡಾಕ್ಟರ್ ಸಾಲು ತೆಗೆದು, ಅಲ್ಲಿಗೇ ಮುಗಿಸಿ ನೋಡಿ.’ ಮುಂದಿನ ಸ್ಪರ್ಧೆಗೆ ಅವರು ಹಾಗೇ ಮುಗಿಸಿ ಕಳಿಸಿದರು.

ಕೊನೆಯ ಕೆಲಸ ಅಳಿಸುವುದು. ನೋಡಲೆಂದು ನಿಮ್ಮ ಫೋನಿಗೆ, ಲ್ಯಾಪ್‌ಟಾಪಿಗೆ ಇಳಿಸಿಕೊಂಡ ವಿಡಿಯೋಗಳು, ಹೆಸರು ವಿಳಾಸ ಇದ್ದ ಪಟ್ಟಿ, ತೀರ್ಪುಗಾರರ ಗುಂಪಿನಲ್ಲಿ ಹಂಚಿಕೊಂಡ ಕೊಂಡಿಗಳು, ನೀವು ಬರೆದಿಟ್ಟ ಟಿಪ್ಪಣಿಗಳು. ಫೋನಿನ ಗ್ಯಾಲರಿ ತಾನಾಗಿ ಬ್ಯಾಕಪ್ ಮಾಡಿಕೊಂಡಿರುತ್ತದೆ, ಅಲ್ಲೂ ಹೋಗಿ ತೆಗೆಯಿರಿ. ಕಸದ ಬುಟ್ಟಿಯ ಫೋಲ್ಡರ್ ಕೂಡ ಖಾಲಿ ಮಾಡಿ. ಕನ್ನಡಿಯಲ್ಲಿ ಮುಖ ಕಂಡ ಆ ಹಳೆಯ ಪ್ರತಿ ನನ್ನ ಬ್ಯಾಕಪ್‌ನಲ್ಲಿ ಎರಡು ತಿಂಗಳಾದರೂ ಉಳಿದುಕೊಂಡಿತ್ತು.